ಐಸಿಯು ರೋಗಿಗೆ ರಾತ್ರಿ ನಿದ್ರೆ: ಹನ್ನೊಂದೂವರೆಯಿಂದ ಐದರವರೆಗೆ ಮುಟ್ಟದಿರುವ ಕ್ರಮ

ರಾತ್ರಿ ಎರಡು ಗಂಟೆಗೆ ಐಸಿಯುವಿನ ಯಾವುದಾದರೂ ಒಂದು ಬೆಡ್ಡಿನ ತಲೆದಿಂಬಿನ ಪಕ್ಕ ಹದಿನೈದು ನಿಮಿಷ ಸುಮ್ಮನೆ ಕೂತುಕೊಳ್ಳಿ. ಕೈಯಲ್ಲೊಂದು ಚೀಟಿ ಇರಲಿ. ಬಿಪಿ ಕಫ್ ಉಬ್ಬಿತು, ಒಂದು ಗೆರೆ. ಪಕ್ಕದ ಬೆಡ್ಡಿನ ಸಿರಿಂಜ್ ಪಂಪ್ ಮುಗಿದು ಕೂಗಿತು, ಇನ್ನೊಂದು. ಸ್ಟೀಲ್ ಟ್ರೇ ಸಿಂಕಿಗೆ ಬಿತ್ತು, ಮತ್ತೊಂದು. ಟ್ಯೂಬ್‌ಲೈಟ್ ಹಾಕಿದರು, ಡ್ಯೂಟಿ ಡಾಕ್ಟರ ಫೋನ್ ರಿಂಗಾಯಿತು, ಯಾರೋ ಸ್ಟೂಲ್ ಎಳೆದರು. ಚೀಟಿಯಲ್ಲಿ ಎಷ್ಟು ಗೆರೆ ಬಿದ್ದಿತೋ ಅಷ್ಟು ಸಲ ಆ ರೋಗಿಗೆ ಎಚ್ಚರವಾಗಿದೆ, ಇಲ್ಲವೇ ನಿದ್ರೆ ತೆಳುವಾಗಿದೆ. ಆ ಗೆರೆಗಳಲ್ಲಿ ಯಾವುವು ರೋಗದಿಂದ ಬಂದವು, ಯಾವುವು ನಮ್ಮ ಅಭ್ಯಾಸದಿಂದ ಬಂದವು ಎಂದು ಬೇರೆ ಮಾಡಿ. ಎರಡನೆಯದೇ ಹೆಚ್ಚಿರುತ್ತದೆ, ಮತ್ತು ಅದನ್ನು ಸರಿಮಾಡಲು ಹಣ ಬೇಕಾಗಿಲ್ಲ.

"ಅವರು ಹಗಲೆಲ್ಲ ಮಲಗಿಯೇ ಇರುತ್ತಾರಲ್ಲ" ಎನ್ನುವ ಮಾತು ಐಸಿಯುವಿನಲ್ಲಿ ದಿನಾ ಕೇಳುತ್ತದೆ. ಇಪ್ಪತ್ತನಾಲ್ಕು ಗಂಟೆಯಲ್ಲಿ ಮಲಗಿದ ಒಟ್ಟು ಹೊತ್ತನ್ನು ಕೂಡಿಸಿದರೆ ಏಳೆಂಟು ಗಂಟೆ ಆಗಲೂಬಹುದು. ಆದರೆ ಅದರಲ್ಲಿ ಸುಮಾರು ಅರ್ಧ ಹಗಲಿನದ್ದು, ಎಲ್ಲವೂ ತುಂಡು ತುಂಡು. ನಿದ್ರೆಯ ಒಂದು ಸುತ್ತು ಪೂರ್ತಿಯಾಗಲು ಸುಮಾರು 90 ನಿಮಿಷ ಬೇಕು. ಗಂಟೆಗೊಮ್ಮೆ ಮುಟ್ಟಿದರೆ ಒಂದು ಸುತ್ತೂ ಪೂರ್ತಿಯಾಗುವುದಿಲ್ಲ, ಆಳದ ನಿದ್ರೆಯೂ ಕನಸಿನ ನಿದ್ರೆಯೂ ಬಹಳ ಕಡಿಮೆಯಾಗುತ್ತವೆ. ಹಾಗಾಗಿ ನಮ್ಮ ಗುರಿ "ಹೆಚ್ಚು ನಿದ್ರೆ" ಅಲ್ಲ, ತುಂಡಾಗದ ನಿದ್ರೆ. ಐದೂವರೆ ಗಂಟೆ ಸಿಕ್ಕಿದರೆ ಮೂರು ಸುತ್ತು ಆಗುತ್ತದೆ. ಅಷ್ಟು ಸಾಧ್ಯವಿಲ್ಲದ ರೋಗಿಗೆ ಎರಡು ಗಂಟೆಯ ಎರಡು ತುಂಡು ಸಿಕ್ಕಿದರೂ ದೊಡ್ಡ ಲಾಭ.

ಯಾರನ್ನು ಮುಟ್ಟದೆ ಬಿಡಬಹುದು, ಯಾರನ್ನು ಬಿಡಬಾರದು

ಇದನ್ನು ಸಂಜೆಯ ರೌಂಡ್ಸಿನಲ್ಲೇ ಡಾಕ್ಟರ್ ನಿರ್ಧರಿಸಿ ಚಾರ್ಟಿನಲ್ಲಿ ಬರೆಯಬೇಕು. ಬಾಯಿಮಾತು ಸಾಲದು. ಬರೆದ ಆರ್ಡರ್ ಇಲ್ಲದಿದ್ದರೆ ಸಿಸ್ಟರ್ ಬಿಪಿ ನೋಡುವುದನ್ನು ಬಿಡುವುದಿಲ್ಲ. ಬಿಡಲೂಬಾರದು. ನಾರ್‌ಅಡ್ರಿನಲಿನ್ (ಬಿಪಿ ಹಿಡಿದಿಡುವ ಔಷಧಿ) ಏರಿಸಿ ಇಳಿಸುತ್ತಿರುವವರು, ತಲೆಯೊಳಗೆ ರಕ್ತಸ್ರಾವವಾಗಿ ಗಂಟೆಗೊಮ್ಮೆ ಕಣ್ಣಿನ ಪಾಪೆ ನೋಡಬೇಕಾದವರು, ಇನ್ಸುಲಿನ್ ಡ್ರಿಪ್‌ನಲ್ಲಿ ಇರುವವರು, ಆಪರೇಷನ್ ಆಗಿ ಮೊದಲ ರಾತ್ರಿಯವರು ಈ ಕ್ರಮಕ್ಕೆ ಸೇರುವುದಿಲ್ಲ. ಸ್ಟ್ರೋಕ್‌ಗೆ ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ ಕೊಟ್ಟವರಿಗೆ ಮೊದಲ 2 ಗಂಟೆ 15 ನಿಮಿಷಕ್ಕೊಮ್ಮೆ, ಮುಂದಿನ 6 ಗಂಟೆ ಅರ್ಧ ಗಂಟೆಗೊಮ್ಮೆ, ಆಮೇಲೆ 24 ಗಂಟೆ ತುಂಬುವವರೆಗೆ ಗಂಟೆಗೊಮ್ಮೆ ನೋಡಲೇಬೇಕು. ಉಳಿದವರಿಗೆ, ಅಂದರೆ ಬಿಪಿ, ಉಸಿರು ಎರಡೂ ಕಳೆದ ಆರು ತಾಸು ಒಂದೇ ರೀತಿ ಇರುವವರಿಗೆ, ಮಾನಿಟರ್ ದೂರದಿಂದಲೇ ಎಲ್ಲ ಹೇಳುತ್ತದೆ.

ಔಷಧಿಯ ಹೊತ್ತು ಮೊದಲು ಸರಿಮಾಡಿ

ಮುಟ್ಟದ ಹೊತ್ತನ್ನು 11.30ರಿಂದ 5 ಎಂದು ಇಡಲು ಕಾರಣವಿದೆ. ಆರು ಗಂಟೆಗೊಮ್ಮೆ ಕೊಡುವ ಔಷಧಿ ಸಾಮಾನ್ಯವಾಗಿ 6, 12, 6, 12 ಎಂದು ಬರೆದಿರುತ್ತದೆ. ಅದನ್ನು 5, 11, 5, 11 ಮಾಡಿದರೆ ನಡುವಿನ ಹೊತ್ತು ಖಾಲಿಯಾಗುತ್ತದೆ. ನೆಬ್ಯುಲೈಸರ್, ಆರು ಗಂಟೆಗೊಮ್ಮೆ ನೋಡುವ ಶುಗರ್, ಎಲ್ಲವನ್ನೂ ಅದೇ ಗಳಿಗೆಗೆ ಕಟ್ಟಿ. ಎಂಟು ಗಂಟೆಗೊಮ್ಮೆಯದ್ದು ಬೆಳಿಗ್ಗೆ 6, ಮಧ್ಯಾಹ್ನ 2, ರಾತ್ರಿ 10. ಹನ್ನೆರಡು ಗಂಟೆಗೊಮ್ಮೆಯದ್ದು 10, 10. ಹೊತ್ತು ಬದಲಿಸುವ ದಿನ ಎರಡು ಡೋಸ್‌ಗಳ ನಡುವೆ ಅಂತರ ತೀರ ಕಡಿಮೆಯೂ ಆಗಬಾರದು, ಒಂದು ಡೋಸ್ ತಪ್ಪಲೂಬಾರದು. ಆ ಒಂದು ದಿನ ಫಾರ್ಮಸಿಯವರನ್ನೂ ಕೇಳಿ.

ಮೂತ್ರ ಹೋಗಿಸುವ ಫ್ಯೂರೋಸಮೈಡ್ ದಿನಕ್ಕೆರಡು ಸಲ ಇದ್ದರೆ ಬೆಳಿಗ್ಗೆ 8 ಮತ್ತು ಮಧ್ಯಾಹ್ನ 3ರ ಸುಮಾರಿಗೆ ಮುಗಿಸಿ. ರಾತ್ರಿ 8ಕ್ಕೆ ಕೊಟ್ಟರೆ ನಡುರಾತ್ರಿವರೆಗೆ ಬೆಡ್‌ಪ್ಯಾನ್ ಕೇಳುತ್ತಲೇ ಇರುತ್ತಾರೆ. ದಿನಕ್ಕೊಮ್ಮೆಯ ಸ್ಟೀರಾಯ್ಡ್ ಬೆಳಿಗ್ಗೆಗೇ ಇರಲಿ. ಸೆಪ್ಟಿಕ್ ಶಾಕಿಗೆ (ಸೋಂಕಿನಿಂದ ಬಿಪಿ ಕುಸಿದ ಸ್ಥಿತಿಗೆ) ಆರು ಗಂಟೆಗೊಮ್ಮೆ ಕೊಡುವ ಹೈಡ್ರೋಕಾರ್ಟಿಸೋನ್ ಬೇರೆ ವಿಷಯ, ಅದನ್ನು ನಿದ್ರೆಗಾಗಿ ಕಡಿಮೆ ಮಾಡುವಂತಿಲ್ಲ. ಥಿಯೋಫಿಲಿನ್ ಜಾತಿಯ ಉಬ್ಬಸದ ಔಷಧಿ ನಿದ್ರೆ ಕೆಡಿಸುತ್ತದೆ. ರಾತ್ರಿಯ ಡೋಸ್ ನಿಜಕ್ಕೂ ಬೇಕೇ ಎಂದು ಡಾಕ್ಟರನ್ನು ಕೇಳಿ.

ರಕ್ತ ತೆಗೆಯುವುದು ಮೂರೂವರೆಗೆ, ಸ್ಪಂಜ್ ಬಾತ್ ನಾಲ್ಕಕ್ಕೆ ಎನ್ನುವ ರೂಢಿ ರೋಗಿಗಾಗಿ ಬಂದದ್ದಲ್ಲ, ಬೆಳಿಗ್ಗೆ ಪಾಳಿ ಬದಲಾಗುವ ಮೊದಲು ಕೆಲಸ ಮುಗಿಯಲಿ ಎಂದು ಬಂದದ್ದು. ರಕ್ತವನ್ನು ಐದಕ್ಕೆ ತೆಗೆದರೂ ರೌಂಡ್ಸಿಗೆ ರಿಪೋರ್ಟ್ ಬರುತ್ತದೆ. ಸ್ಪಂಜ್ ಸಂಜೆ ಎಂಟಕ್ಕೆ ಮಾಡಿದರೆ ನಿದ್ರೆಗೂ ಅನುಕೂಲ. ನಮ್ಮ ಕರಾವಳಿಯ ಕಡೆ ಸೆಕೆಗೆ ಮೈ ಅಂಟಂಟಾಗಿ ಮಲಗುವುದಕ್ಕಿಂತ ಒರೆಸಿಕೊಂಡು ಮಲಗುವುದು ಎಷ್ಟು ಹಿತ ಎಂದು ಎಲ್ಲರಿಗೂ ಗೊತ್ತು.

ಹತ್ತೂವರೆಯ ಸುತ್ತು

ಈ ಇಡೀ ಕ್ರಮದ ಜೀವ ಇರುವುದು ರಾತ್ರಿ ಹತ್ತೂವರೆಯಿಂದ ಹನ್ನೊಂದೂವರೆಯ ಒಂದು ಗಂಟೆಯಲ್ಲಿ. ರಾತ್ರಿ ಎರಡಕ್ಕೆ ಏನೇನು ಕೂಗಬಹುದೋ ಅದನ್ನೆಲ್ಲ ಈಗಲೇ ಮುಗಿಸಿಬಿಡುವುದು.

ಮೊದಲು ನೋವು. ಮಾತಾಡುವವರಾದರೆ 0ರಿಂದ 10ರಲ್ಲಿ ಎಷ್ಟು ಎಂದು ಕೇಳಿ. ಬಾಯಲ್ಲಿ ಉಸಿರಿನ ಟ್ಯೂಬ್ ಇರುವವರಾದರೆ ಮುಖ, ಕೈಕಾಲಿನ ಬಿಗಿ, ವೆಂಟಿಲೇಟರಿನ ಜೊತೆ ಗುದ್ದಾಟ ನೋಡಿ. ನೋವಿರುವವರಿಗೆ ನಿದ್ರೆ ಮಾತ್ರೆ ಕೊಟ್ಟರೆ ಗೊಂದಲ ಹೆಚ್ಚುತ್ತದೆಯೇ ಹೊರತು ನಿದ್ರೆ ಬರುವುದಿಲ್ಲ. ಆಮೇಲೆ ಸಕ್ಷನ್ (ಕಫ ಹೀರಿ ತೆಗೆಯುವುದು), ಬಾಯಿ ಒರೆಸುವುದು, ಡಯಾಪರ್, ಯೂರಿನ್ ಬ್ಯಾಗ್ ಖಾಲಿ. ಎಂಡೋಟ್ರೇಕಿಯಲ್ ಟ್ಯೂಬಿನ (ಆ ಉಸಿರಿನ ಟ್ಯೂಬಿನ) ಕಫ್, ಅಂದರೆ ಗಾಳಿಬುಗ್ಗೆಯ, ಒತ್ತಡ 20ರಿಂದ 30 ಸೆಂಟಿಮೀಟರ್ ನೀರಿನಷ್ಟು ಇದೆಯೇ ನೋಡಿ. ವೆಂಟಿಲೇಟರ್ ಪೈಪಿನಲ್ಲಿ ನಿಂತ ನೀರನ್ನು ಚೆಲ್ಲಿ. ಆ ನೀರು ಪೈಪಿನಲ್ಲಿ ಅಲುಗಾಡಿದರೆ ಯಂತ್ರ ಅದನ್ನು ಉಸಿರು ಎಂದು ತಿಳಿಯುತ್ತದೆ, ಅಲಾರಂ ಹೊಡೆಯುತ್ತದೆ, ರೋಗಿಗೆ ಬೇಡದ ಗಾಳಿ ನೂಕುತ್ತದೆ.

ಸಿರಿಂಜ್ ಪಂಪಿನ ಲೆಕ್ಕವನ್ನು ಕಾಗದದ ಮೇಲೆ ಮಾಡಿ. 50 ಮಿ.ಲೀ. ಸಿರಿಂಜ್ ಗಂಟೆಗೆ 6 ಮಿ.ಲೀ. ಓಡಿದರೆ 8 ಗಂಟೆ 20 ನಿಮಿಷಕ್ಕೆ ಮುಗಿಯುತ್ತದೆ. ಸಂಜೆ ಆರಕ್ಕೆ ತುಂಬಿದ್ದರೆ ಸರಿಯಾಗಿ 2.20ಕ್ಕೆ ಕೂಗುತ್ತದೆ, ಮುಗಿಯುವ ಮುಂಚಿನ ಎಚ್ಚರಿಕೆಯ ಕೂಗು ಇನ್ನೂ ಬೇಗ. ಅದನ್ನು ಹನ್ನೊಂದಕ್ಕೆ ಹೊಸದಾಗಿ ಹಾಕಿದರೆ ಬೆಳಿಗ್ಗೆ ಏಳರವರೆಗೆ ಚಿಂತೆಯಿಲ್ಲ. ಬಿಪಿ ಹಿಡಿದಿಡುವ ಔಷಧಿಯ ಸಿರಿಂಜ್ ಆದರೆ ಬದಲಿಸುವಾಗ ಬಿಪಿ ಬೀಳಬಹುದು, ಆದ್ದರಿಂದ ಹಳೆಯದು ಓಡುತ್ತಿರುವಾಗಲೇ ಹೊಸದನ್ನು ಶುರುಮಾಡುವ ನಿಮ್ಮ ಐಸಿಯುವಿನ ಕ್ರಮವನ್ನೇ ಅನುಸರಿಸಿ.

ಮೈ ಮಗ್ಗುಲು ಬದಲಿಸುವುದು ಕೊನೆಗೆ. ಬೆಡ್ ಸೋರ್ ಭಯ ಹೆಚ್ಚಿರುವವರಿಗೆ ಎರಡು ಗಂಟೆಗೊಮ್ಮೆ ತಿರುಗಿಸಬೇಕು, ಅದರಲ್ಲಿ ರಾಜಿಯಿಲ್ಲ. ಒಳ್ಳೆಯ ಏರ್ ಬೆಡ್ ಇದ್ದು, ಚರ್ಮ ಕೆಂಪಾಗದೆ ಇದ್ದು, ಸ್ವಲ್ಪ ತಾವೇ ಹೊರಳುವವರಿಗೆ ರಾತ್ರಿ ನಾಲ್ಕು ಗಂಟೆ ಬಿಡಬಹುದೇ ಎಂದು ಡಾಕ್ಟರ ಜೊತೆ ನಿರ್ಧರಿಸಿ. ತಿರುಗಿಸಲೇಬೇಕಾದವರನ್ನು ತಿರುಗಿಸುವಾಗಲೇ ಬೇರೆಲ್ಲ ಕೆಲಸ ಮಾಡಿ. ಹನ್ನೆರಡಕ್ಕೆ ಒಬ್ಬರು ತಿರುಗಿಸಿ, ಹನ್ನೆರಡೂವರೆಗೆ ಇನ್ನೊಬ್ಬರು ಸಕ್ಷನ್ ಮಾಡಿ, ಒಂದಕ್ಕೆ ಮತ್ತೊಬ್ಬರು ಡಯಾಪರ್ ನೋಡುವುದೇ ನಿದ್ರೆಯ ದೊಡ್ಡ ಶತ್ರು.

ಮಾನಿಟರ್ ಕೂಗುವುದು ಯಾಕೆ

ಅಲಾರಂ ಬಂದ್ ಮಾಡುವುದು ಪರಿಹಾರವಲ್ಲ, ಅದು ಅಪಾಯ. ಸುಳ್ಳು ಅಲಾರಂ ಬರದ ಹಾಗೆ ಮಾಡುವುದು ಪರಿಹಾರ. ಅತಿ ಸಾಮಾನ್ಯವಾದ ತಪ್ಪು ಇದು: ಬಿಪಿ ಕಫ್ ಕಟ್ಟಿದ ಕೈಯ ಬೆರಳಿಗೇ ಆಕ್ಸಿಜನ್ ಪ್ರೋಬ್ ಸಿಕ್ಕಿಸಿರುತ್ತಾರೆ. ಕಫ್ ಉಬ್ಬಿದಾಗಲೆಲ್ಲ ಆ ಕೈಗೆ ರಕ್ತ ನಿಲ್ಲುತ್ತದೆ, ಪ್ರೋಬಿಗೆ ನಾಡಿ ಸಿಗುವುದಿಲ್ಲ, ಮಾನಿಟರ್ ಕೂಗುತ್ತದೆ. ಪ್ರೋಬನ್ನು ಆಚೆ ಕೈಗೆ ಹಾಕಿ. ಒಂದು ನಿಮಿಷದ ಕೆಲಸ.

ಅಡ್ಮಿಟ್ ಆದ ದಿನ 15 ನಿಮಿಷಕ್ಕೆ ಇಟ್ಟ ಬಿಪಿ ಕಫ್ ನಾಲ್ಕನೇ ದಿನವೂ ಹಾಗೆಯೇ ಇರುವುದು ಇನ್ನೊಂದು. ರಾತ್ರಿಗೆ ಒಂದು ಗಂಟೆ ಅಥವಾ ಎರಡು ಗಂಟೆ ಎಂದು ಬರೆಸಿಕೊಂಡು ಬದಲಿಸಿ. ಆರ್ಟೀರಿಯಲ್ ಲೈನ್ (ರಕ್ತನಾಳದೊಳಗಿಂದಲೇ ಬಿಪಿ ತೋರಿಸುವ ನಳಿಗೆ) ಇದ್ದು ಅದರ ಅಲೆ ಚೆನ್ನಾಗಿದ್ದರೆ ಕಫ್ ಮತ್ತೆ ಮತ್ತೆ ಉಬ್ಬುವ ಅಗತ್ಯವೇ ಇಲ್ಲ. ಇಸಿಜಿ ಸ್ಟಿಕ್ಕರ್ ಬೆವರಿಗೆ ಬಿಟ್ಟುಕೊಂಡು ಸುಳ್ಳು ಅಲಾರಂ ಬರುತ್ತದೆ. ಕರಾವಳಿಯ ಗಾಳಿಯಲ್ಲಿ ಇದು ಇನ್ನೂ ಬೇಗ. ದಿನಾ ಸಂಜೆ ಚರ್ಮ ಒರೆಸಿ, ಒಣಗಿಸಿ, ಹೊಸದು ಅಂಟಿಸಿ.

ಅಲಾರಂ ಮಿತಿಯನ್ನು ರೋಗಿಗೆ ತಕ್ಕಂತೆ ಇಡಿ. ಬೀಡಿ ಸೇದಿ ಶ್ವಾಸಕೋಶ ಕೆಟ್ಟ ಸಿಒಪಿಡಿ ರೋಗಿಗೆ ಆಕ್ಸಿಜನ್ ಮಟ್ಟ 88ರಿಂದ 92 ಸಾಕು ಎಂದು ನಾವೇ ಗುರಿ ಇಟ್ಟಿರುತ್ತೇವೆ. ಮಾನಿಟರ್ ಮಾತ್ರ 90ಕ್ಕೆ ಕೂಗುವಂತೆ ಇರುತ್ತದೆ. ಆಗ ರಾತ್ರಿಯಿಡೀ ಕೂಗದೆ ಇನ್ನೇನು? ಮಿತಿ ಬದಲಿಸುವ ಅಧಿಕಾರ ಡಾಕ್ಟರಿಗೆ, ನೆನಪಿಸುವ ಕೆಲಸ ಸಿಸ್ಟರಿಗೆ.

ಇನ್ನುಳಿದ ಶಬ್ದ. 1999ರ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯ ಪ್ರಕಾರ ಆಸ್ಪತ್ರೆ ಕೋಣೆಯಲ್ಲಿ ರಾತ್ರಿ ಸರಾಸರಿ 30 ಡೆಸಿಬೆಲ್, ಅತಿ ಜೋರಿನ ಶಬ್ದವೂ 40 ಮೀರಬಾರದು. ಸಾಧಾರಣ ಮಾತುಕತೆಯೇ ಸುಮಾರು 60 ಇರುತ್ತದೆ, ಆದ್ದರಿಂದ ಯಂತ್ರಗಳು ಓಡುವ ಐಸಿಯುವಿನಲ್ಲಿ 30 ಎಂಬುದು ಕೈಗೆಟುಕುವುದು ಕಷ್ಟ. ಸರಾಸರಿಗಿಂತ ತಟ್ಟನೆ ಏಳುವ ಸದ್ದನ್ನು ಹಿಡಿಯಿರಿ, ಎಚ್ಚರ ಮಾಡುವುದು ಅದೇ. ಫೋನಿನ ಶಬ್ದ ಅಳೆಯುವ ಆ್ಯಪ್ ಕರಾರುವಾಕ್ಕಲ್ಲದಿದ್ದರೂ ಯಾವ ಸದ್ದಿಗೆ ಮುಳ್ಳು ಜಿಗಿಯುತ್ತದೆ ಎಂದು ತೋರಿಸಲು ಸಾಕು. ಟ್ರೇ ಕೆಳಗೆ ಬಟ್ಟೆ ಹಾಸಿ. ಟ್ರಾಲಿ ಚಕ್ರಕ್ಕೆ ಎಣ್ಣೆ ಬಿಡಿಸಿ. ಬಾಗಿಲಿನ ಚೌಕಟ್ಟಿಗೆ ರಬ್ಬರ್ ಪಟ್ಟಿ ಅಂಟಿಸಿ. ಉಪಯೋಗಿಸದ ಸಕ್ಷನ್ ಬುಸ್ ಎನ್ನುತ್ತಿದ್ದರೆ ಗೋಡೆಯಲ್ಲೇ ಬಂದ್ ಮಾಡಿ. ಮೂಗಿನ ನಳಿಗೆಯಲ್ಲಿ ನಿಮಿಷಕ್ಕೆ 4 ಲೀಟರ್ ಒಳಗೆ ಆಕ್ಸಿಜನ್ ಹೋಗುವವರಿಗೆ ಕಿವಿಯ ಪಕ್ಕ ಗುಳುಗುಳು ಎನ್ನುವ ನೀರಿನ ಬಾಟಲಿ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಮೂಗು ಒಣಗುತ್ತದೆ ಎಂದು ಹೇಳಿದರೆ ಮಾತ್ರ ಇಡಿ.

ಕಿವಿಗೆ ಹಾಕುವ ಸ್ಪಂಜಿನ ಇಯರ್‌ಪ್ಲಗ್ ಅಗ್ಗದ ಮತ್ತು ಒಳ್ಳೆಯ ಉಪಾಯ, ಹಾಕುವ ಕ್ರಮ ತಿಳಿದಿದ್ದರೆ. ಕೈ ತೊಳೆದು ಬೆರಳ ನಡುವೆ ಹೊಸೆದು ತೆಳ್ಳಗೆ ಮಾಡಿ, ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು, ಒಳಗೆ ತಳ್ಳಿ, ಉಬ್ಬುವವರೆಗೆ ಅರ್ಧ ನಿಮಿಷ ಬೆರಳಿನಲ್ಲಿ ಒತ್ತಿ ಹಿಡಿಯಿರಿ. ಹೊರಗೇ ನಿಂತ ಪ್ಲಗ್ ಏನನ್ನೂ ತಡೆಯುವುದಿಲ್ಲ. ಕಿವಿ ಸೋರುವವರಿಗೆ, ತಲೆಗೆ ಪೆಟ್ಟಾದವರಿಗೆ, ತಾವಾಗಿ ತೆಗೆಯಲಾಗದವರಿಗೆ, ಗೊಂದಲದಲ್ಲಿರುವವರಿಗೆ ಹಾಕಬೇಡಿ. ಕಣ್ಣಿನ ಪಟ್ಟಿಯೂ ಹೀಗೆಯೇ, ಕೇಳಿ ಒಪ್ಪಿದರೆ ಮಾತ್ರ. ಪಟ್ಟಿಯ ಬದಲು ಬೈರಾಸು (ಟವೆಲ್) ಮಡಚಿ ಕಣ್ಣಿನ ಮೇಲೆ ಹಾಕುವ ರೂಢಿ ಉಂಟು. ಅದು ಜಾರಿ ಮೂಗಿನ ಮೇಲೆ ಬೀಳುತ್ತದೆ, ಬೇಡ.

ಹಗಲನ್ನು ಹಗಲು ಮಾಡಿ

ರಾತ್ರಿಯ ನಿದ್ರೆ ಬೆಳಿಗ್ಗೆ ಏಳೂವರೆಗೆ ಶುರುವಾಗುತ್ತದೆ. ಕರ್ಟನ್ ಸರಿಸಿ. ಮೋಡದ ದಿನವೂ ಹೊರಗೆ ಸಾವಿರಾರು ಲಕ್ಸ್ (ಬೆಳಕಿನ ಅಳತೆ) ಬೆಳಕಿರುತ್ತದೆ, ಕಿಟಕಿಯಿಂದ ದೂರದ ಬೆಡ್ಡಿನಲ್ಲಿ ಅದು ಕೆಲವು ನೂರಕ್ಕೆ ಇಳಿಯುತ್ತದೆ. ಆಟಿ ತಿಂಗಳ ಮಳೆಗೆ ಹಗಲೇ ಕತ್ತಲು ಕವಿದಾಗ ಎಲ್ಲ ದೀಪ ಉರಿಯಲಿ. ರಾತ್ರಿ ಹನ್ನೊಂದೂವರೆಗೆ ಮೇಲಿನ ಟ್ಯೂಬ್‌ಲೈಟ್ ಆರಿಸಿ, ಕೆಲಸವಿರುವ ಬೆಡ್ಡಿಗೆ ಮಾತ್ರ ಹಳದಿ ಬೆಳಕಿನ ಸಣ್ಣ ದೀಪ, ಟಾರ್ಚ್ ಹಿಡಿದರೆ ನೆಲಕ್ಕೆ. ಮಾನಿಟರಿನಲ್ಲಿ ನೈಟ್ ಮೋಡ್ ಇದ್ದರೆ ಹಾಕಿ. ಆದರೆ ನರ್ಸಿಂಗ್ ಸ್ಟೇಷನ್ನಿನಲ್ಲಿ ಅಲಾರಂ ಕೇಳುತ್ತದೆಯೇ ಎಂದು ಪರೀಕ್ಷಿಸಿದ ಮೇಲೆಯೇ ಬೆಡ್ಡಿನ ಬಳಿಯ ಸದ್ದು ತಗ್ಗಿಸಿ.

ಕೂರಲು ಆಗುವವರನ್ನು ದಿನಕ್ಕೆರಡು ಸಲ ಬೆಡ್ಡಿನ ಅಂಚಿಗೆ, ಆಮೇಲೆ ಕುರ್ಚಿಗೆ ತನ್ನಿ. ಹಗಲು ನಿದ್ರೆ ಮೂರರ ಮೊದಲು, ಒಂದು ಗಂಟೆ ಮೀರದೆ. ಚಾ, ಕಾಫಿ ಮಧ್ಯಾಹ್ನ ಎರಡಕ್ಕೆ ನಿಲ್ಲಲಿ. ರೈಲ್ಸ್ ಟ್ಯೂಬಿನಲ್ಲಿ (ಮೂಗಿನಿಂದ ಹೊಟ್ಟೆಗೆ ಇಳಿಸಿದ ನಳಿಗೆಯಲ್ಲಿ) ಹೊತ್ತು ಹೊತ್ತಿಗೆ ಆಹಾರ ಹೋಗುವವರಿಗೆ ಕೊನೆಯದ್ದು ಒಂಬತ್ತೂವರೆಗೆ ಮುಗಿದು, ರಾತ್ರಿಯ ಪಾಲು ಹಗಲಿಗೆ ಹಂಚಿಹೋಗಲಿ. ಇನ್ಸುಲಿನ್ ಪಡೆಯುವವರಾದರೆ ಡೋಸನ್ನೂ ಜೊತೆಗೇ ಬದಲಿಸಬೇಕು, ಇಲ್ಲದಿದ್ದರೆ ಬೆಳಗಿನ ಜಾವ ಶುಗರ್ ಕೆಳಗಿಳಿಯುತ್ತದೆ.

ವೆಂಟಿಲೇಟರಿನಿಂದ ಬಿಡಿಸುವ ಪ್ರಯತ್ನವೂ ಹಗಲಿನ ಕೆಲಸ. ಹಗಲೆಲ್ಲ ಪ್ರೆಷರ್ ಸಪೋರ್ಟಿನಲ್ಲಿ (ಯಂತ್ರದ ನೆರವು ಮಾತ್ರ ಇರುವ ಕ್ರಮದಲ್ಲಿ) ಸ್ವತಃ ಉಸಿರಾಡಿ ದಣಿದವರನ್ನು ರಾತ್ರಿ ಅಸಿಸ್ಟ್ ಕಂಟ್ರೋಲಿಗೆ (ಯಂತ್ರವೇ ಹೆಚ್ಚಿನ ಕೆಲಸ ಮಾಡುವ ಕ್ರಮಕ್ಕೆ) ಹಾಕಿ ವಿಶ್ರಾಂತಿ ಕೊಡುವುದು ಒಳ್ಳೆಯದು. ಪ್ರೆಷರ್ ಸಪೋರ್ಟಿನಲ್ಲೇ ಬಿಟ್ಟು ಸಪೋರ್ಟ್ ಹೆಚ್ಚಾದರೆ ನಿದ್ರೆಯಲ್ಲಿ ಕಾರ್ಬನ್ ಡೈಆಕ್ಸೈಡ್ ಇಳಿದು ಉಸಿರೇ ನಿಲ್ಲುತ್ತದೆ, ಅಲಾರಂ ಹೊಡೆಯುತ್ತದೆ, ರೋಗಿ ಬೆಚ್ಚಿ ಏಳುತ್ತಾರೆ.

ಭಾಷೆ

ಕೇರಳದ ಗಡಿಯ ನಮ್ಮ ಕಾಸರಗೋಡಿನ ಮಟ್ಟಿಗೆ ಇದನ್ನು ಬೇರೆಯಾಗಿಯೇ ಹೇಳಬೇಕು. ಮಂಜೇಶ್ವರದ, ಬದಿಯಡ್ಕದ, ಎಣ್ಮಕಜೆಯ ವಯಸ್ಸಾದವರು ಮನೆಯಲ್ಲಿ ತುಳುವೋ ಹವ್ಯಕವೋ ಕನ್ನಡವೋ ಮಾತಾಡುವವರು. ಚಿಕಿತ್ಸೆಗೆ ಕಣ್ಣೂರು ಜಿಲ್ಲೆಯ ಪರಿಯಾರಕ್ಕೆ ಹೋದರೂ ಮಂಗಳೂರಿಗೆ ಹೋದರೂ ರಾತ್ರಿ ಪಾಳಿಯ ಸಿಸ್ಟರುಗಳಲ್ಲಿ ಬಹಳಷ್ಟು ಮಂದಿಯ ಮನೆಮಾತು ಮಲಯಾಳ. ಹಗಲು ಮಲಯಾಳ ಅರ್ಥವಾಗುವ ಅಜ್ಜಿಗೂ ಜ್ವರದ ನಡುರಾತ್ರಿ ಎಚ್ಚರವಾದಾಗ ತಾನೆಲ್ಲಿದ್ದೇನೆಂದು ತಿಳಿಯದೆ ಗಾಬರಿಯಾಗುತ್ತದೆ. ಆಗ ಕಿವಿಗೆ ಬೀಳಬೇಕಾದ್ದು ಮನೆಯ ಮಾತು.

ಒಂದು ರಟ್ಟಿನಲ್ಲಿ ಹತ್ತು ಮಾತು ಬರೆದು ಬೆಡ್ಡಿಗೆ ತೂಗುಹಾಕಿ. ಸಿಸ್ಟರ್ ಓದುವಂತೆ ಮಲಯಾಳ ಲಿಪಿಯಲ್ಲೇ ಬರೆಸಿ. "ನೋವುಂಟಾ?" ಎನ್ನುವುದು ತುಳುವಿನಲ್ಲಿ "ಬೇನೆ ಉಂಡಾ?", ಹವ್ಯಕದಲ್ಲಿ "ಬೇನೆ ಇದ್ದಾ?". ನಿದ್ರೆಗೆ ಹವ್ಯಕರು "ಒರಕ್ಕು" ಎನ್ನುತ್ತಾರೆ, ಮಲಯಾಳದ "ಉರಕ್ಕಂ" ಅದರ ನಂಟ, ಸಿಸ್ಟರಿಗೆ ಕೂಡಲೇ ತಿಳಿಯುತ್ತದೆ. ನೀರು ಹಾಗಲ್ಲ. "ವೆಳ್ಳಂ" ಎಂದು ಕೇಳಿದರೆ ಮಲಯಾಳ ಗೊತ್ತಿಲ್ಲದವರಿಗೆ ಏನೂ ಹೊಳೆಯುವುದಿಲ್ಲ.

ಗೊಂದಲದ ಪರೀಕ್ಷೆಗೂ ಇದೇ ಮಾತು. ಹತ್ತು ಅಂಕಿ ನಿಧಾನವಾಗಿ ಹೇಳುತ್ತಾ ನಡುವೆ ನಾಲ್ಕು ಸಲ ಬರುವ ಎಂಟಕ್ಕೆ ಮಾತ್ರ ಕೈ ಅದುಮಲು ಹೇಳುತ್ತೇವೆ. ಎರಡಕ್ಕಿಂತ ಹೆಚ್ಚು ತಪ್ಪಿದರೆ ಗಮನ ನಿಲ್ಲುತ್ತಿಲ್ಲ ಎಂದರ್ಥ. ಕನ್ನಡದ ಎಂಟು ಮಲಯಾಳದಲ್ಲಿ ಎಟ್ಟ್, ತುಳುವಿನಲ್ಲಿ ಎಣ್ಮ. ತುಳುವರಿಗೆ ಎಟ್ಟ್ ಎಂದು ಕೇಳಿ, ಅದುಮಲಿಲ್ಲವೆಂದು ಡೆಲಿರಿಯಂ (ಸನ್ನಿ) ಎಂದು ಬರೆದರೆ, ಇಲ್ಲದ ಕಾಯಿಲೆಗೆ ಔಷಧಿ ಶುರುವಾಗುತ್ತದೆ.

ಬೈಸ್ಟ್ಯಾಂಡರ್ (ರೋಗಿಯ ಜೊತೆಗಿರುವ ಮನೆಯವರು) ಮಾಡಬೇಕಾದ್ದು

ಕನ್ನಡಕ, ಕಿವಿ ಯಂತ್ರ ಮತ್ತು ಅದರ ಬ್ಯಾಟರಿ, ಹಲ್ಲಿನ ಸೆಟ್, ದೊಡ್ಡ ಅಂಕಿಯ ಗಡಿಯಾರ ತಂದುಕೊಡಿ. ಗೊರಕೆಯ ಸಿಪ್ಯಾಪ್ ಯಂತ್ರ ಮನೆಯಲ್ಲಿದ್ದರೆ ಅದನ್ನೂ. ಒಂದು ಹಾಳೆಯಲ್ಲಿ ಬರೆಯಿರಿ: ಮನೆಯಲ್ಲಿ ಕರೆಯುವ ಹೆಸರು, ಮನೆಮಾತು, ಎಷ್ಟಕ್ಕೆ ಮಲಗುವ ರೂಢಿ, ಯಾವ ಮಗ್ಗುಲು, ದೀಪ ಬೇಕೋ ಬೇಡವೋ. ಮುಚ್ಚಿಡದೆ ಬರೆಯಬೇಕಾದ್ದು ಇನ್ನೂ ಉಂಟು. ಹೊಗೆಸೊಪ್ಪು ಹಾಕಿ ಎಲೆಅಡಿಕೆ ತಿನ್ನುವ ಅಭ್ಯಾಸ, ಬೀಡಿ, ದಿನಾ ತೆಗೆದುಕೊಳ್ಳುವ ನಿದ್ರೆ ಮಾತ್ರೆ, ಕುಡಿತ, ಕೊನೆಯ ಸಲ ಕುಡಿದದ್ದು ಯಾವಾಗ. ದಿನಾ ಕುಡಿಯುವವರು ತಟ್ಟನೆ ನಿಲ್ಲಿಸಿದರೆ ಮೊದಲ ದಿನದಲ್ಲೇ ನಡುಕ, ನಿದ್ರೆಗೇಡು ಶುರುವಾಗುತ್ತದೆ, ಎರಡರಿಂದ ನಾಲ್ಕನೇ ದಿನದಲ್ಲಿ ಪ್ರಾಣಕ್ಕೆ ಕುತ್ತಾಗುವ ಸನ್ನಿ ಬರಬಹುದು. ಮರ್ಯಾದೆಗೆ ಅಂಜಿ ಈ ಒಂದು ವಿಷಯ ಮುಚ್ಚಿಟ್ಟದ್ದರಿಂದ ಆಗುವ ಹಾನಿ ದೊಡ್ಡದು.

ಸಂಜೆ ಒಳಗೆ ಬಿಟ್ಟಾಗ ಕೈ ಹಿಡಿದು ನಿಧಾನವಾಗಿ ಹೇಳಿ: "ಅಮ್ಮ, ಇದು ಆಸ್ಪತ್ರೆ. ಇವತ್ತು ಬುಧವಾರ ರಾತ್ರಿ. ಬಾಯಲ್ಲಿರುವ ಪೈಪು ಉಸಿರಿಗೆ. ನಾನು ಹೊರಗೇ ಇದ್ದೇನೆ." ನಿದ್ರೆಯಲ್ಲಿದ್ದರೆ ಎಬ್ಬಿಸಬೇಡಿ. ಬಿಲ್ಲು, ಜಾಗದ ಗಲಾಟೆ, ಊರಲ್ಲಿ ಯಾರೋ ತೀರಿದ ಸುದ್ದಿ ಬೆಡ್ಡಿನ ಹತ್ತಿರ ಬೇಡ. ಮೇಲಿನ ಮಾತನ್ನೇ ಒಂದು ನಿಮಿಷ ಫೋನಿನಲ್ಲಿ ರೆಕಾರ್ಡ್ ಮಾಡಿ ಸಿಸ್ಟರಿಗೆ ಕೊಡಲು ಅನುಮತಿ ಕೇಳಿ. ನಡುರಾತ್ರಿ ಬೆಚ್ಚಿ ಎದ್ದಾಗ ಅದನ್ನು ಕೇಳಿಸಬಹುದು.

ನಿದ್ರೆ ಔಷಧಿ

ಎಲ್ಲಕ್ಕಿಂತ ಕೊನೆಗೆ ಬರಬೇಕಾದ್ದು ಇದು. ರಾತ್ರಿ ಎದ್ದು ಪೈಪು ಎಳೆಯುವವರಿಗೆ ಇಂಜೆಕ್ಷನ್ ಕೊಡುವ ಮೊದಲು ಆಕ್ಸಿಜನ್, ಶುಗರ್, ಬಿಪಿ, ಜ್ವರ, ನೋವು, ಕಟ್ಟಿದ ಮೂತ್ರ, ಕಟ್ಟಿದ ಮಲ ನೋಡಿ. ಮಡಚಿಹೋದ ಕ್ಯಾತಿಟರ್ ನೆಟ್ಟಗೆ ಮಾಡಿದ ಕೂಡಲೇ ಮಲಗುವವರಿದ್ದಾರೆ.

ಲೋರಾಜಿಪಾಮ್, ಮಿಡಾಜೊಲಾಮ್ ಕಣ್ಣು ಮುಚ್ಚಿಸುತ್ತವೆ, ಆಳದ ನಿದ್ರೆಯನ್ನು ಕಡಿಮೆ ಮಾಡುತ್ತವೆ, ಗೊಂದಲ ಹೆಚ್ಚಿಸುತ್ತವೆ. ಆದರೆ ಮನೆಯಲ್ಲಿ ವರ್ಷಗಳಿಂದ ಅಂಥ ಮಾತ್ರೆ ತಿನ್ನುತ್ತಿದ್ದವರಿಗೆ, ಫಿಟ್ಸ್ ಇರುವವರಿಗೆ, ಕುಡಿತ ಬಿಟ್ಟ ನಡುಕದವರಿಗೆ ತಟ್ಟನೆ ನಿಲ್ಲಿಸಬಾರದು. ಅವಿಲ್ ಎಂದು ಎಲ್ಲರೂ ಕರೆಯುವ ಫೆನಿರಮೈನ್, ಪ್ರೊಮೆಥಾಜಿನ್ ವಯಸ್ಸಾದವರನ್ನು ಸನ್ನಿಗೆ ತಳ್ಳಬಹುದು, ನಿದ್ರೆಗೆಂದು ಕೊಡಲೇಬೇಡಿ. ನಿದ್ರೆ ಬರಿಸಲೆಂದೇ ಪ್ರೊಪೊಫಾಲ್ (ಅರಿವಳಿಕೆಯ ಔಷಧಿ) ಬೇಡವೆಂದು 2018ರ ಅಂತರರಾಷ್ಟ್ರೀಯ ಐಸಿಯು ಮಾರ್ಗಸೂಚಿ ಹೇಳುತ್ತದೆ. ಡೆಕ್ಸ್‌ಮೆಡೆಟೊಮಿಡಿನ್ ಸಹಜ ನಿದ್ರೆಗೆ ಹತ್ತಿರ, ಆದರೆ ಹೃದಯದ ಬಡಿತ ಮತ್ತು ಬಿಪಿ ಇಳಿಸುತ್ತದೆ. ಮೆಲಟೋನಿನ್ ಕೊಡುವುದಾದರೆ ರಾತ್ರಿ ಒಂಬತ್ತಕ್ಕೆ, ಹನ್ನೆರಡಕ್ಕಲ್ಲ. ದೀಪ ಉರಿಯುತ್ತಾ ಅಲಾರಂ ಕೂಗುತ್ತಾ ಇರುವಾಗ ಅದರಿಂದ ಏನೂ ಆಗದು.

ಬೆಳಿಗ್ಗೆ ಏಳಕ್ಕೆ ರೋಗಿಯನ್ನೇ ಕೇಳಿ ಬರೆದುಕೊಳ್ಳಿ. 10 ಸೆಂಟಿಮೀಟರ್ ಗೆರೆ ಎಳೆದು ಒಂದು ತುದಿ "ಇಡೀ ರಾತ್ರಿ ಎಚ್ಚರ", ಇನ್ನೊಂದು ತುದಿ "ಮನೆಯ ಹಾಗೆ ನಿದ್ರೆ" ಎಂದು ಹೇಳಿ, ಬೆರಳಿಡಲು ಹೇಳಿ. ನಮ್ಮ ಕಣ್ಣಿಗೆ ಕಂಡದ್ದನ್ನು ಬರೆಯಬೇಡಿ. ಕಣ್ಣು ಮುಚ್ಚಿ ಸುಮ್ಮನೆ ಬಿದ್ದವರನ್ನು ನಾವು ಮಲಗಿದ್ದಾರೆ ಎಂದೇ ತಿಳಿಯುತ್ತೇವೆ.

ವಾರ್ಡಿಗೆ ಕಳಿಸುವ ದಿನ ನಿದ್ರೆ ಬರೆದಿಟ್ಟ ಈ ಹಾಳೆ ಫೈಲಿನ ಜೊತೆ ಹೋಗಲಿ. ಗೊಂದಲಕ್ಕೆಂದು ಐಸಿಯುವಿನಲ್ಲಿ ಶುರುಮಾಡಿದ ಕ್ವೆಟಿಯಾಪಿನ್, ಹಾಲೊಪೆರಿಡಾಲ್ ಯಾವಾಗ ನಿಲ್ಲಿಸಬೇಕೆಂದು ಅದರಲ್ಲೇ ಬರೆದಿರಲಿ. ಬರೆಯದಿದ್ದರೆ ಅದು ಡಿಸ್ಚಾರ್ಜ್ ಚೀಟಿಗೂ ಸೇರಿ ಮನೆಯವರೆಗೆ ಹೋಗುತ್ತದೆ. ಮನೆಗೆ ಹೋದ ಮೇಲೂ ಕೆಲವು ವಾರ, ಕೆಲವರಿಗೆ ತಿಂಗಳುಗಳು, ಕೆಟ್ಟ ಕನಸು, ತುಂಡು ನಿದ್ರೆ ಇರುವುದುಂಟು ಎಂದು ಮನೆಯವರಿಗೆ ಮೊದಲೇ ತಿಳಿಸಿ. ತಿಂಗಳಾದರೂ ಕಡಿಮೆಯಾಗದಿದ್ದರೆ ಮುಂದಿನ ಭೇಟಿಯಲ್ಲಿ ಡಾಕ್ಟರಿಗೆ ಹೇಳಲಿ.